ವಿಭೂತಿ ಬಳಿದ ಚಾರ್ಜರು

ಆಯುಧಪೂಜೆಯ ಬೆಳಿಗ್ಗೆ ನನ್ನ ಲ್ಯಾಪ್‌ಟಾಪಿನ ಚಾರ್ಜರನ್ನು ಕೊಂದವಳು ನನ್ನ ತಮ್ಮನ ಹೆಂಡತಿ. ಕೊಂದದ್ದು ಭಕ್ತಿಯಿಂದ ಎಂಬುದನ್ನು ಆಗಲೂ ಒಪ್ಪಿದ್ದೆ, ಈಗಲೂ ಒಪ್ಪುತ್ತೇನೆ. ಭಕ್ತಿಯಿಂದ ಮಾಡಿದ್ದಕ್ಕೆ ಬಯ್ಯುವ ಹಾಗಿರುವುದಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ ಹೆಚ್ಚು.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ತಮ್ಮ ಮತ್ತು ಅವನ ಹೆಂಡತಿ ಹೊಸದುರ್ಗದಿಂದ ಹಬ್ಬಕ್ಕೆಂದು ದುರ್ಗದ ನನ್ನ ಮನೆಗೆ ಬಂದಿದ್ದರು. ಹಿತ್ತಲಿನ ಬಾವಿಕಟ್ಟೆಯ ಮೇಲೆ ಈಳಿಗೆಮಣೆ, ಸುತ್ತಿಗೆ, ಕುಡುಗೋಲು, ನನ್ನ ಯಜಮಾನರು ಬಿಟ್ಟುಹೋದ ಸೈಕಲ್ಲು, ನಾನು ನಿವೃತ್ತಿಯಾದಾಗ ಹರಾಜಿನಲ್ಲಿ ಕೊಂಡ ಕಚೇರಿಯ ಟೈಪ್‌ರೈಟರು ಎಲ್ಲವೂ ಮಿಂದು ಬಿಸಿಲು ಕಾಯುತ್ತಿದ್ದವು. ದಸರಾದ ಬಿಸಿಲಿಗೆ ಒಂದು ಗುಣವಿದೆ. ಮಳೆ ತೊಳೆದು ಬಿಟ್ಟ ಗಾಳಿಯಲ್ಲಿ ಅದು ಬೀಳುವುದೇ ಇಲ್ಲ, ತೇಲುತ್ತಿರುತ್ತದೆ. ಆ ತೇಲುವ ಬೆಳಕಿನಲ್ಲಿ ಜೋಗಿಮಟ್ಟಿಯ ಕಡೆಯ ಗುಡ್ಡದ ಮೇಲೆ ಹೊಸದಾಗಿ ನಿಂತಿದ್ದ ಗಾಳಿಯಂತ್ರಗಳು, ಯಾರೋ ನಿದ್ದೆಯಲ್ಲಿ ಕೈ ಆಡಿಸಿದಂತೆ, ಬಹಳ ನಿಧಾನವಾಗಿ ತಿರುಗುತ್ತಿದ್ದವು. ಅದನ್ನು ನೋಡುತ್ತ ನಾನು ಹೂ ಬಿಡಿಸುತ್ತಿದ್ದಾಗ, ಅವಳು ಒಳಗೆ ಮೇಜಿನ ಕೆಳಗೆ ಬಗ್ಗಿ, ಗೋಡೆಯ ಕರೆಂಟಿಗೆ ಸಿಕ್ಕಿಸಿದ್ದ ಆ ಕಪ್ಪು ಡಬ್ಬಿಗೆ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದು, ಮೇಲೊಂದು ಸೇವಂತಿಗೆ ಇಟ್ಟಿದ್ದಳು. ಸೆಕೆಂಡ್ ಹ್ಯಾಂಡ್ ಡಬ್ಬಿ. ಅಂಚು ಬಿರುಕು ಬಿಟ್ಟಿತ್ತು. ವಿಭೂತಿಯ ನೀರು ಬಿರುಕಿನೊಳಗೆ ಇಳಿಯಿತು. ಟಪ್ ಎಂದು ಸಣ್ಣ ಸದ್ದಾಗಿ, ಡಬ್ಬಿಯ ಹಸಿರು ದೀಪ ಹೋಯಿತು.

"ಅತ್ತಿಗೆ," ಎಂದು ಕೂಗಿದಳು ಅವಳು, "ಇದ್ರ ದೀಪ ಶಾಂತ ಆತು ನೋಡ್ರಿ."

ಹಬ್ಬದ ದಿನ ಆರಿತು ಎನ್ನಬಾರದಲ್ಲ. ಆ ಎಚ್ಚರ ಅವಳಿಗಿತ್ತು. ಪ್ಲಗ್ಗನ್ನು ಕೀಳುವ ಎಚ್ಚರ ಇರಲಿಲ್ಲ.

ಆ ಲ್ಯಾಪ್‌ಟಾಪಿನ ಬ್ಯಾಟರಿ ನಾನು ಕೊಳ್ಳುವಾಗಲೇ ಸತ್ತಿತ್ತು. ಗೋಡೆಯ ತಂತಿಯೇ ಅದರ ಉಸಿರು. ಆ ಉಸಿರು ನಿಂತದ್ದರಿಂದ ಒಳಗೆ ಸಿಕ್ಕಿಕೊಂಡದ್ದು ಒಂದೇ ಒಂದು ಪುಟ. ತಮ್ಮನ ಮಗಳ ಲಗ್ನಪತ್ರಿಕೆಯ ಕೊನೆಯ ಪುಟ, ಅಂದರೆ ಸುಖಾಗಮನ ಬಯಸುವವರ ಹೆಸರುಗಳು. ಉಳಿದದ್ದನ್ನು ಯಾವ ಪ್ರೆಸ್ಸಿನವನಾದರೂ ಕಣ್ಣುಮುಚ್ಚಿ ಜೋಡಿಸುತ್ತಾನೆ. ಆ ಹೆಸರುಗಳ ಪುಟ ಹಾಗಲ್ಲ. ಗಂಡಿನ ಕಡೆಯವರು ಹೊಳಲ್ಕೆರೆಯವರು. ಅಲ್ಲಿಯ ಹಿರಿಯರು ತಮ್ಮ ಕಡೆಯ ಹೆಸರುಗಳನ್ನು ಮೂರು ಸಲ ಮೇಲೆ ಕೆಳಗೆ ಮಾಡಿಸಿದ್ದರು. ನಮ್ಮ ಕಡೆಯಲ್ಲಿ ಒಬ್ಬ ಚಿಕ್ಕಪ್ಪ, ತನ್ನ ಹೆಸರು ಎರಡನೆಯ ಸಾಲಿಗೆ ಹೋದರೆ ಮದುವೆಗೆ ಬರುವುದಿಲ್ಲವೆಂದು ಹೇಳಿಕಳಿಸಿದ್ದರು. ಐದು ವಾರ ಕೂತು, ವಯಸ್ಸು, ವರಸೆ, ಮುನಿಸು ಎಲ್ಲವನ್ನೂ ತೂಗಿ, ಎಲ್ಲರೂ ಒಪ್ಪಿದ ಒಂದು ಕ್ರಮಕ್ಕೆ ತಂದಿದ್ದೆ.

ಕಾಗದದ ಮೇಲೆ ಅದರ ಪ್ರತಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಹದಿನಾಲ್ಕು ಹಾಳೆ. ಆದರೆ ಅವುಗಳಲ್ಲಿ ಹೊಡೆದುಹಾಕಿದ ಹೆಸರುಗಳಿದ್ದವು, ಕೆಳಕ್ಕೆ ಬಾಣ ಹಾಕಿದ ಹೆಸರುಗಳಿದ್ದವು. ಹೊಡೆದ ಹೆಸರನ್ನು ಅದರ ಒಡೆಯ ಕಂಡರೆ ಆ ಗೀಟು ಎದೆಯ ಮೇಲೆಯೇ ಬಿದ್ದ ಹಾಗೆ. ಹಬ್ಬಕ್ಕೆ ಬಂದುಹೋಗುವ ನೆಂಟರ ಕಣ್ಣಿಗೆ ಬೀಳಬಾರದೆಂದು, ಪುಟ ಲ್ಯಾಪ್‌ಟಾಪಿಗೆ ಸೇರಿದ ದಿನವೇ ಹದಿನಾಲ್ಕನ್ನೂ ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದ್ದೆ.

ಇಷ್ಟು ಜಾಗರೂಕತೆ ಏಕೆ ಎಂದರೆ, ಅಂಥ ಒಂದು ಪುಟದಿಂದ ನಾನು ಒಮ್ಮೆ ಬಿಟ್ಟುಹೋಗಿದ್ದೆ. ತೊಂಬತ್ತರ ದಶಕದ ನಡುವೆ ತಮ್ಮ ಹೊಸದುರ್ಗದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶದ ಕಾರ್ಡು ಹಾಕಿಸಿದ. ಅದರಲ್ಲಿ ಎದುರು ಮನೆಯವರ ಹೆಸರಿತ್ತು, ಇಟ್ಟಿಗೆ ಒದಗಿಸಿದವರ ಹೆಸರಿತ್ತು; ಒಡಹುಟ್ಟಿದ ಅಕ್ಕನ ಹೆಸರಿರಲಿಲ್ಲ. ಕೇಳಿದ್ದಕ್ಕೆ, "ಪ್ರೆಸ್ಸಿನೋರು ಬಿಟ್ಟುಬಿಟ್ಟವ್ರೆ ಅಕ್ಕ," ಎಂದ. ಮಾರನೆಯ ವಾರ ಬಸ್ಸು ಹತ್ತಿ ಆ ಪ್ರೆಸ್ಸಿಗೇ ಹೋಗಿ, ಅವನು ಕೊಟ್ಟ ಹಸ್ತಪ್ರತಿಯನ್ನು ತೋರಿಸಲು ಕೇಳಿದೆ. ಗೋಡೆಯ ಕೊಕ್ಕೆತಂತಿಗೆ ಚುಚ್ಚಿಟ್ಟಿದ್ದ ಕಾಗದಗಳಿಂದ ಅದನ್ನು ತೆಗೆದುಕೊಟ್ಟರು. ಅದೇ ದುಂಡನೆಯ ಅಕ್ಷರ. ಸ್ಲೇಟಿನ ಮೇಲೆ ಅವನ ಕೈ ಹಿಡಿದು ತಿದ್ದಿಸಿದವಳು ನಾನೇ. ಅದರಲ್ಲಿ ನನ್ನ ಹೆಸರಿರಲಿಲ್ಲ. ಗಂಡನನ್ನು ಕಳೆದುಕೊಂಡವಳ ಹೆಸರು ಮಂಗಳಕಾರ್ಯದ ಕಾರ್ಡಿನಲ್ಲಿ ಬೇಡವೆಂದು ಬಿಟ್ಟಿದ್ದಾನೆ ಎಂದು ತೀರ್ಮಾನಿಸಿದೆ. ಹೊಸ ಮನೆಗೆ ಹೋದೆ, ಪಾಯಸ ಉಂಡೆ, ಹಸ್ತಪ್ರತಿ ನೋಡಿದ ವಿಷಯವನ್ನು ಹನ್ನೆರಡು ವರ್ಷ ಯಾರಿಗೂ ಹೇಳಲಿಲ್ಲ. ಮಗಳ ಮದುವೆ ಗೊತ್ತಾದಾಗ ಅವನೇ ಬಂದು, "ಈ ಸಲ ನೀನೇ ಬರಕೊಡು ಅಕ್ಕ," ಎಂದಾಗಲೂ ಹೇಳಲಿಲ್ಲ. ಬರೆದುಕೊಟ್ಟೆ. ನನ್ನ ಹೆಸರನ್ನು ವರಸೆಯ ಪ್ರಕಾರ ಎಲ್ಲಿ ಬರಬೇಕೋ ಅಲ್ಲಿ, ಏಳನೆಯದಾಗಿ ಹಾಕಿಕೊಂಡೆ. ಒಂದು ಮೆಟ್ಟಿಲು ಮೇಲೂ ಅಲ್ಲ, ಕೆಳಗೂ ಅಲ್ಲ.

ಆಯುಧಪೂಜೆಯ ಸಂಜೆ ತಮ್ಮ ಊರಿಗೆ ಹೊರಡುವಾಗ, ಹೆಂಡತಿಯ ಮುಖ ನೋಡಿ, ನನ್ನ ಮುಖ ನೋಡಿ, ಹೇಳಿದ: "ಚಾರ್ಜರ್ ಹೋದ್ರೆ ಹೋಗ್ಲಿ ಬಿಡಕ್ಕ. ನಿಂಗೆ ಎಲ್ಲ ನೆಪ್ಪಿರುತ್ತಲ್ಲ. ಹಂಗೇ ಬರಕೊಟ್ಬಿಡು."

ಆ ಮಾತಿನಲ್ಲಿ ಹೊಗಳಿಕೆ ಎಷ್ಟು, ಚುಚ್ಚು ಎಷ್ಟು ಎಂದು ನಾನು ಬಹಳ ಹೊತ್ತು ಅಳೆದೆ. ಹೊಸದುರ್ಗದ ಪ್ರೆಸ್ಸಿಗೆ ಪುಟ ಕೊಡಲು ಉಳಿದಿದ್ದದ್ದು ಎರಡೇ ದಿನ. ಸೋಮವಾರ ಹೊಳಲ್ಕೆರೆಯಲ್ಲಿ ಮೊದಲ ಕಾರ್ಡಿಗೆ ಪೂಜೆ ಎಂದು ಗಂಡಿನ ಕಡೆಯವರು ದಿನ ಗೊತ್ತುಮಾಡಿಯಾಗಿತ್ತು. ತಪ್ಪು ಕ್ರಮದ ಕಾರ್ಡು ಹೋದರೆ ಐದು ವಾರದ ಸಂಧಾನ ಒಂದು ಗಳಿಗೆಯಲ್ಲಿ ಮುರಿದು, ಹುಡುಗಿ ಹಸೆಯ ಮೇಲೆ ಕೂರುವ ಮೊದಲೇ ಎರಡು ಕಡೆಯವರೂ ಮುಖ ತಿರುಗಿಸಿ ಕೂರುತ್ತಿದ್ದರು.

ವಿಜಯದಶಮಿ ಕಳೆದ ಬೆಳಿಗ್ಗೆ, ಲ್ಯಾಪ್‌ಟಾಪನ್ನು ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ, ಸತ್ತ ಚಾರ್ಜರನ್ನು ಅದರ ಮಗ್ಗುಲಿಗಿಟ್ಟು, ವಯರಿನ ಬ್ಯಾಗು ಹಿಡಿದು ಹೊರಟೆ. ದುರ್ಗದ ಕಂಪ್ಯೂಟರ್ ಅಂಗಡಿಯವನಿಗೆ ನಡುವಯಸ್ಸು. ತಂತಿಯ ತುದಿಯ ಪಿನ್ನನ್ನು ಮಾತ್ರ ನೋಡಿ, ಡಬ್ಬಿಯನ್ನು ಮುಟ್ಟದೆ ಹಿಂದಕ್ಕೆ ನೂಕಿದ.

"ಈ ಪಿನ್ನು ಈಗ ಬರಲ್ಲಮ್ಮ. ಹೊಸಾ ಲ್ಯಾಪ್‌ಟಾಪೇ ತಗಳ್ರಿ. ಮನೆಯಾಗೆ ಗಂಡಸ್ರು ಯಾರೂ ಇಲ್ಲೇನು? ಅವರ್ನ ಕಳಿಸ್ರಿ, ಹೇಳ್ತೀನಿ."

"ನನಗೇ ಹೇಳಪ್ಪ," ಎಂದೆ. "ಮೂವತ್ತು ವರ್ಷ ಸರ್ಕಾರದ ಕಾಗದ ಟೈಪು ಮಾಡಿದ್ದೇನೆ. ಕನ್ನಡದಲ್ಲಿ ಹೇಳಿದರೆ ತಿಳಿಯುತ್ತದೆ."

ಅವನು ನಕ್ಕು, ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ. ಆ ಅಂಗಡಿಯ ಮೆಟ್ಟಿಲನ್ನು ನಾನು ಮತ್ತೆ ತುಳಿದಿಲ್ಲ. ಈಗ ಅಲ್ಲಿ ಬೇಕರಿ ಇದೆ, ಅದನ್ನೂ ತುಳಿದಿಲ್ಲ.

ಹಿರಿಯೂರಿನಲ್ಲಿ ಹಳೆಯ ಸಾಮಾನು ಸಿಗುತ್ತದೆಂದು ಯಾರೋ ಹೇಳಿದರು. ಹೋದೆ. ಅಲ್ಲಿಯ ಅಂಗಡಿಯವನು ಒಳ್ಳೆಯವನು. ಎಲ್ಲ ಲ್ಯಾಪ್‌ಟಾಪಿಗೂ ಆಗುತ್ತದೆಂಬ ಒಂದು ಚಾರ್ಜರು ತೆಗೆದು, ಅದರ ಜೊತೆಗೆ ಬಂದಿದ್ದ ಎಂಟು ಪಿನ್ನುಗಳನ್ನು ಒಂದೊಂದಾಗಿ ಸಿಕ್ಕಿಸಿ ನೋಡಿದ. ಬಳೆಗಾರನ ಮುಂದೆ ಕೈ ಚಾಚಿ ಕೂತ ಹಾಗಿತ್ತು ನನಗೆ. ಒಂದು ಸಡಿಲ, ಒಂದು ಬಿಗಿ, ಒಂದು ಹೋಗುತ್ತದೆ ಆದರೆ ಕೂರುವುದಿಲ್ಲ. ಎಂಟೂ ಮುಗಿದ ಮೇಲೆ ತಲೆ ಕೆರೆದುಕೊಂಡು, "ಹೊಸದುರ್ಗದ ಬಸ್‌ಸ್ಟ್ಯಾಂಡ್ ಹಿಂದೆ ರೇಡಿಯೋ ರಿಪೇರಿ ಸಾಹೇಬ್ರು ಅವ್ರೆ. ಬೆಸುಗೆ ಹಾಕಿ ಏನಾರ ಮಾಡ್ತಾರೆ, ಹೋಗ್ರಮ್ಮ," ಎಂದ.

ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ಆ ಮಧ್ಯಾಹ್ನದ ಬಸ್ಸು ನನ್ನ ನೆನಪಿನಲ್ಲಿ ಇನ್ನೂ ತಲುಪಿಲ್ಲ, ಹೋಗುತ್ತಲೇ ಇದೆ. ಎಲ್ಲರೂ ತೂಕಡಿಸುತ್ತಿದ್ದರು. ಡ್ರೈವರಿನ ಗಾಜಿಗೆ ಹಬ್ಬದ ದಿನ ಬಳಿದ ವಿಭೂತಿ ಒಣಗಿ ಬಿಳಿಯ ರೆಕ್ಕೆಯಂತಾಗಿತ್ತು. ಹಾದಿಯೆಲ್ಲ ಆ ರೆಕ್ಕೆಯ ಹಿಂದಿನಿಂದ ಬರುತ್ತಿತ್ತು. ಒಮ್ಮೆ ಮಾರಿಕಣಿವೆಯ ನೀರು ಗುಡ್ಡಗಳ ಸಂದಿನಲ್ಲಿ ಹೊಳೆದು, ಅದು ನೀರೋ ಆಕಾಶದ ತುಂಡೋ ತಿಳಿಯುವ ಮೊದಲೇ ಮರೆಯಾಯಿತು. ಆಮೇಲೆ ತೆಂಗಿನ ತೋಟಗಳು ಬಂದವು. ನೆರಳು, ಬಿಸಿಲು, ನೆರಳು, ಬಿಸಿಲು ಎಂದು ನನ್ನ ಮಡಿಲಿನ ಬ್ಯಾಗಿನ ಮೇಲೆ ಹಾಯುತ್ತಿದ್ದವು. ಒಳಗೆ ಸೀರೆ ಹೊದ್ದು ಮಲಗಿದ್ದ ಯಂತ್ರದಲ್ಲಿ ಅಷ್ಟೂ ಜನ, ಸತ್ತವರಲ್ಲ, ಬದುಕಿರುವವರೇ, ಶ್ರೀಮತಿ ಮತ್ತು ಶ್ರೀ ಎಂದು ಜೋಡಿ ಜೋಡಿಯಾಗಿ ಕತ್ತಲೆಯಲ್ಲಿ ನಿಂತು ಕಾಯುತ್ತಿದ್ದಾರೆ ಎನ್ನಿಸಿತು. ಯಾರೂ ಕೆಮ್ಮುತ್ತಿರಲಿಲ್ಲ. ಯಾರೂ ಸಾಲು ಬಿಡುತ್ತಿರಲಿಲ್ಲ.

ಆ ಮಂಪರಿನಲ್ಲಿಯೇ ನೋಟುಬುಕ್ಕು ತೆಗೆದೆ. ಚಾರ್ಜರು ಸಿಕ್ಕದಿದ್ದರೆ ತಮ್ಮ ಹೇಳಿದಂತೆ ನೆನಪಿನಿಂದಲೇ ಕೊಡಬೇಕಲ್ಲ. ಹೊಳಲ್ಕೆರೆಯ ಹಿರಿಯರಿಂದ ಹಿಡಿದು ಬರೆಯುತ್ತ ಹೋದೆ. ಪ್ರತಿ ಹೆಸರಿನ ಜೊತೆಗೂ ಅವರು ನನಗೆ ಮಾಡಿದ್ದೇನಾದರೂ ಒಂದು ನೆನಪಾಗುತ್ತಿತ್ತು. ಇವರು ನನ್ನ ಯಜಮಾನರ ತಿಥಿಗೆ ಬಂದು ಊಟಕ್ಕೆ ಉಪ್ಪು ಕಡಿಮೆ ಎಂದವರು. ಇವರು, ಯಜಮಾನರು ತೀರಿಕೊಂಡ ಮೇಲೆ ನನಗೆ ಸಿಕ್ಕ ಕೆಲಸವನ್ನು ಅನುಕಂಪದ ಭಿಕ್ಷೆ ಎಂದವರು. ಇವರು ಬಸ್ಸಿನಲ್ಲಿ ಕಂಡೂ ಕಾಣದಂತೆ ಕಿಟಕಿಯ ಕಡೆ ತಿರುಗಿದವರು. ಒಂದೊಂದು ಅವಮಾನಕ್ಕೆ ಒಂದೊಂದು ಹೆಸರು ನೇತುಹಾಕಿಕೊಂಡಿತ್ತು, ಎಳೆದರೆ ಬರುತ್ತಿತ್ತು. ಹೊಸದುರ್ಗ ಬರುವಷ್ಟರಲ್ಲಿ ಪಟ್ಟಿ ಮುಗಿಯಿತು. ಎರಡು ಸಲ ಓದಿದೆ. ಕ್ರಮ ಸರಿಯಾಗಿತ್ತು. ಚಾರ್ಜರಿನ ಅಗತ್ಯವೇ ಇಲ್ಲ, ನೇರವಾಗಿ ಪ್ರೆಸ್ಸಿಗೇ ಹೋಗಬಹುದು ಎನ್ನಿಸಿತು. ಆದರೂ ಇಷ್ಟು ದೂರ ಹೊತ್ತು ತಂದ ಯಂತ್ರವನ್ನು ಒಮ್ಮೆ ತೋರಿಸಿಯೇ ಹೋಗೋಣವೆಂದು ಬಸ್‌ಸ್ಟ್ಯಾಂಡಿನ ಹಿಂದಕ್ಕೆ ನಡೆದೆ.

ರೇಡಿಯೋ ರಿಪೇರಿಯವರು ನನ್ನ ಓರಗೆಯವರು. ಮೂಗಿನ ತುದಿಯಲ್ಲಿ ಕನ್ನಡಕ, ಸುತ್ತ ಬೆನ್ನು ಬಿಚ್ಚಿದ ಟೀವಿಗಳು.

"ಬರ್ರಿ, ಕುಂತ್ಕಳ್ರಿ ಅಮ್ಮ," ಎಂದು ಸ್ಟೂಲು ಒರೆಸಿ ಕೊಟ್ಟು, ಚಾರ್ಜರಿನ ಡಬ್ಬಿಯನ್ನು ಬಿರುಕಿನಲ್ಲಿಯೇ ಬಿಡಿಸಿದರು. ಒಳಗೆ ಬಿಳಿಯ ಹೆಪ್ಪು ಕಟ್ಟಿತ್ತು. ಉಗುರಿನಿಂದ ಕೆರೆದು ಮೂಸಿ ನೋಡಿ, ನನ್ನ ಹಣೆಯನ್ನೊಮ್ಮೆ ನೋಡಿದರು. "ಇದಕ್ಕೂ ಈಬೂತಿ ಇಟ್ಟೀರೇನ್ರಿ?"

"ನಾನಲ್ಲ. ನನ್ನ ತಮ್ಮನ ಹೆಂಡತಿ."

"ಇಟ್ಟಿದ್ದು ತಪ್ಪಲ್ರಿ. ನಮ್ಮ ಅಂಗಡಿಗೂ ಪಕ್ಕದೋರು ಬಂದು ಹೂ ಇಟ್ಟೇ ಹೋಗ್ತಾರೆ. ಆದ್ರೆ ಪ್ಲಗ್ ಕಿತ್ತು ಇಡಬೇಕಿತ್ತು. ಎದ್ದು ಓಡಾಡೋ ಎತ್ತಿಗೆ ಯಾರಾನ ಲಾಳ ಕಟ್ತಾರಾ?"

"ಜೀವ ಬರುತ್ತದೆಯೇ?"

"ಡಬ್ಬಿ ಹೋಗೈತ್ರಿ. ಬಾಲ ಚೆನ್ನಾಗೈತೆ." ಮೇಜಿನ ಖಾನೆಯಿಂದ ಬೇರೆ ಯಾವುದೋ ಲ್ಯಾಪ್‌ಟಾಪಿನ ಚಾರ್ಜರು ತೆಗೆದು, ಎರಡು ಡಬ್ಬಿಗಳ ಬೆನ್ನಿನ ಮೇಲಿದ್ದ ಸಣ್ಣ ಅಕ್ಷರಗಳನ್ನು ಬಿಸಿಲಿಗೆ ಹಿಡಿದು ಹೋಲಿಸಿದರು. "ಓಲ್ಟೇಜು ಎರಡ್ರದೂ ಒಂದೇ. ಇದ್ರ ಡಬ್ಬಿ, ನಿಮ್ಮದ್ರ ಬಾಲ. ಸಂಬಂಧ ಕೂಡಿಸಾಣ."

ಎರಡು ತಂತಿಗಳನ್ನೂ ಕತ್ತರಿಸಿ, ಸಿಪ್ಪೆ ಸುಲಿದು, ಯಾವುದು ಕೂಡು ಯಾವುದು ಕಳೆ ಎಂದು ಮೀಟರಿನಲ್ಲಿ ಎರಡೆರಡು ಸಲ ನೋಡಿದರು. ನಾನು ಹೇಳುವ ಮೊದಲೇ ಎರಡನೆಯ ಸಲ ನೋಡಿದರು. ಅಂಥ ಮನುಷ್ಯನನ್ನು ನಾನು ನಂಬುತ್ತೇನೆ. ಬೆಸುಗೆಯ ಕಡ್ಡಿ ಕಾಯುವವರೆಗೆ ಮಾತಾಡಿದರು. ಅವರ ಅಜ್ಜ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. "ಆವತ್ತಿಗೂ ತವರ, ಇವತ್ತಿಗೂ ತವರ. ಅಜ್ಜ ಕೊಳದಪ್ಪಲೆಗೆ ಹಾಕ್ತಿದ್ರು, ನಾನು ಕೂದಲಿನಂಥ ತಂತಿಗೆ ಹಾಕ್ತೀನಿ. ವಂಶ ಸಣ್ಣ ಆಗ್ತಾ ಬಂತು ನೋಡ್ರಿ." ತವರ ಕರಗಿ ಒಂದು ಹನಿಯಾಗಿ ನಿಂತಿತು. ಒಂದು ಎಳೆ ಹೊಗೆ ಎದ್ದು, ಬಾಗಿಲಿನ ಬಿಸಿಲಿಗೆ ಹೋಗಿ, ಅಲ್ಲಿ ಯಾವ ಅವಸರವೂ ಇಲ್ಲದೆ ಬಿಚ್ಚಿಕೊಂಡಿತು. ನಮ್ಮ ಅಮ್ಮನ ಅಂಗಳದಲ್ಲಿ ಕಲಾಯಿಯವನ ತಿದಿಯ ಮುಂದೆ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತದ್ದು ನೆನಪಾಯಿತು. ಕಪ್ಪು ಪಾತ್ರೆ ಒಳಗಿನಿಂದ ಬೆಳ್ಳಗಾದಾಗಲೆಲ್ಲ ಅವನು ಚಪ್ಪಾಳೆ ತಟ್ಟುತ್ತಿದ್ದ.

ಹೊಸ ಡಬ್ಬಿಯ ದೀಪ ಹತ್ತಿತು. ಲ್ಯಾಪ್‌ಟಾಪು ಸ್ವಲ್ಪ ಹೊತ್ತು ಮೌನವಾಗಿದ್ದು, ಆಮೇಲೆ ಫ್ಯಾನು ತಿರುಗಿಸಿ ನಿಟ್ಟುಸಿರಿಟ್ಟಿತು. ಪುಟ ತೆರೆದೆ. ನೋಟುಬುಕ್ಕನ್ನು ಪಕ್ಕದಲ್ಲಿಟ್ಟು, ಕಚೇರಿಯಲ್ಲಿ ಪ್ರತಿ ತಾಳೆ ನೋಡುತ್ತಿದ್ದ ಅಭ್ಯಾಸದಿಂದ, ಬೆರಳಿಟ್ಟು ಒಂದೊಂದೇ ಹೆಸರು ನೋಡುತ್ತ ಬಂದೆ.

ಹದಿನೆಂಟನೆಯ ಹೆಸರು ನೋಟುಬುಕ್ಕಿನಲ್ಲಿ ಇರಲಿಲ್ಲ.

ಅದು ತಮ್ಮನ ಹೆಂಡತಿಯ ದೊಡ್ಡಮ್ಮನ ಹೆಸರು. ಹಿರೇಗುಂಟನೂರಿನಲ್ಲಿರುವ ಹೆಂಗಸು, ನನ್ನ ಹಾಗೆಯೇ ಬೇಗ ಗಂಡನನ್ನು ಕಳೆದುಕೊಂಡು, ತೀರಿಕೊಂಡ ತಂಗಿಯ ಮಗಳನ್ನು, ಅಂದರೆ ತಮ್ಮನ ಹೆಂಡತಿಯನ್ನು, ತಾನೇ ಸಾಕಿದವಳು. ಪಟ್ಟಿ ಮಾಡುವಾಗ ತಮ್ಮನ ಹೆಂಡತಿ ನನ್ನಲ್ಲಿ ಕೇಳಿದ್ದು ಅದೊಂದೇ. "ನಮ್ಮ ದೊಡ್ಡಮ್ಮಂದು ಒಂದು ಹೆಸರು ಬರ್ಲಿ ಅತ್ತಿಗೆ. ಆಕಿ ಯಾವ ಕಾರ್ಡ್ನಾಗೂ ಬಂದಿಲ್ಲ." ಖಂಡಿತ ಬರುತ್ತದೆ ಎಂದು, ಅವಳ ಎದುರಿಗೇ ಟೈಪು ಮಾಡಿದ್ದೆ. ಆ ದೊಡ್ಡಮ್ಮ ನನಗೆ ಯಾವ ಅವಮಾನವನ್ನೂ ಮಾಡಿದವಳಲ್ಲ. ಒಮ್ಮೆ ಕಂಡಾಗ ಮಡಿಲು ತುಂಬ ಅವರೆಕಾಯಿ ಕೊಟ್ಟಿದ್ದಳು. ನನ್ನ ನೆನಪಿನಲ್ಲಿ ಅವಳನ್ನು ನೇತುಹಾಕಲು ಮೊಳೆಯೇ ಇರಲಿಲ್ಲ.

"ಏನಾತ್ರಿ, ಅಕ್ಷರ ಹೋಗ್ಯಾವಾ?" ಎಂದು ರಿಪೇರಿಯವರು ಬಗ್ಗಿ ನೋಡಿದರು.

"ಇಲ್ಲ. ಎಲ್ಲ ಇವೆ," ಎಂದೆ.

ನಾನು ಬೇಕೆಂದು ಬಿಟ್ಟಿರಲಿಲ್ಲ. ಬಿಡುವಾಗ ಮನಸ್ಸಿನಲ್ಲಿ ಒಂದು ಕಲೆಯೂ ಇರಲಿಲ್ಲ. ಬಸ್ಸಿನ ಬೆಳಕು ಚೆನ್ನಾಗಿತ್ತು, ತೆಂಗಿನ ನೆರಳು ಹಾಯುತ್ತಿತ್ತು. ನಾಳೆ ಯಾರಾದರೂ ಈ ನೋಟುಬುಕ್ಕನ್ನು ಕೊಕ್ಕೆಯಿಂದ ತೆಗೆದು ನೋಡಿದರೆ, ವಿಧವೆಯ ಹೆಸರೆಂದು ಬಿಟ್ಟಿದ್ದಾಳೆ ಎಂದು ತೀರ್ಮಾನಿಸಲು ಬೇಕಾದ ಸಾಕ್ಷಿ ಎಲ್ಲ ಇತ್ತು. ಅದೂ ನನ್ನದೇ ಕೈಬರಹದಲ್ಲಿ.

ಪ್ರೆಸ್ಸಿಗೆ ಹೋಗಿ ಲ್ಯಾಪ್‌ಟಾಪಿನಿಂದ ಪುಟ ತೆಗೆಸಿಕೊಟ್ಟು, ತಮ್ಮನಿಗೆ ಫೋನು ಮಾಡಿಸಿದೆ. ಅವನು ಬೈಕಿನಲ್ಲಿ ಬಂದಾಗ ಕರಡು ಪ್ರತಿಯಿನ್ನೂ ಬೆಚ್ಚಗಿತ್ತು. ಹೊರಗಿನ ಕಟ್ಟೆಯ ಮೇಲೆ ಕೂತೆವು. ಹನ್ನೆರಡು ವರ್ಷ ಕೇಳದಿದ್ದದ್ದನ್ನು ಕೇಳಿದೆ.

"ಮನೆ ಒಕ್ಕಲಿನ ಕಾರ್ಡಿನಲ್ಲಿ ನನ್ನ ಹೆಸರನ್ನು ಬೇಕಂತ ಬಿಟ್ಟೆಯಾ, ಮರೆತೆಯಾ?"

"ಮರ್ತಿದ್ದೆ ಅಕ್ಕ. ಹೊರಗಿನೋರ ಹೆಸ್ರು ನೆಪ್ಪು ಮಾಡ್ಕಂಡು ಮಾಡ್ಕಂಡು ಬರದೆ. ನೀನು ಮನಿಯಾಕಿ. ನೆಪ್ಪಿಗೇ ಬರ್ಲಿಲ್ಲ."

"ಅವತ್ತೇ ಹೇಳಬಹುದಿತ್ತಲ್ಲ."

"ಅಕ್ಕನ್ನ ಮರ್ತೆ ಅಂತ ಯಾವ ಬಾಯಾಗೆ ಹೇಳ್ಲಿ? ಪ್ರೆಸ್ಸಿನೋನ ಮ್ಯಾಲೆ ಹಾಕ್ದೆ. ನೀನು ಹೋಗಿ ಕಾಗದ ನೋಡ್ಕಂಡು ಬಂದೆ ಅಂತ ಅವನೇ ಹೇಳಿದ್ದ. ಬಯ್ತಿ ಅಂತ ಕಾದೆ. ನೀನು ಬಯ್ಲೇ ಇಲ್ಲ."

ಅಂದರೆ ಹನ್ನೆರಡು ವರ್ಷವೂ ಅವನಿಗೆ ತಿಳಿದಿತ್ತು. ಪ್ರತಿ ಹಬ್ಬಕ್ಕೂ ನಾನು ಹೋಳಿಗೆ ಬಡಿಸುವಾಗ, ನನಗೆ ತಿಳಿದಿದೆ ಎಂದು ತಿಳಿದೇ ಉಣ್ಣುತ್ತಿದ್ದ. ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬೇಕೆಂದು ಬಿಟ್ಟಿದ್ದರೆ ಬಿಡುವ ಗಳಿಗೆಯಲ್ಲಾದರೂ ನನ್ನನ್ನು ನೆನೆದಿರುತ್ತಿದ್ದ. ಮರೆತದ್ದು ಅದಕ್ಕಿಂತ ದೊಡ್ಡ ಅಪರಾಧ ಎಂದು ಆಗಲೂ ಅನ್ನಿಸಿತು. ಆದರೆ ಆ ಅಪರಾಧದ ಒಳಗು ಹೇಗಿರುತ್ತದೆ ಎಂಬುದು ಒಂದು ಗಂಟೆಯ ಹಿಂದಷ್ಟೇ ನನಗೆ ಗೊತ್ತಾಗಿತ್ತು. ಅಲ್ಲಿ ಏನೂ ಇರುವುದಿಲ್ಲ. ತಿಳಿಬಿಸಿಲು ಮಾತ್ರ.

ನೋಟುಬುಕ್ಕನ್ನು ಅವನ ಕೈಗೆ ಕೊಟ್ಟೆ. "ಇದರಲ್ಲಿ ಯಾರಿಲ್ಲ, ಹೇಳು ನೋಡೋಣ."

ತುಟಿ ಆಡಿಸುತ್ತ ಮೇಲಿನಿಂದ ಕೆಳಗಿನವರೆಗೆ ಓದಿದ. "ಎಲ್ಲಾ ಅವ್ರಲ್ಲ?"

ಕರಡನ್ನು ಪಕ್ಕಕ್ಕೆ ಹಿಡಿದೆ. ಅವನ ಬೆರಳು ಹದಿನೆಂಟರಲ್ಲಿ ನಿಂತಿತು. ಆಮೇಲೆ ಮೆಲ್ಲನೆ, "ಅವಳಿಗೆ ಹೇಳಬ್ಯಾಡ ಅಕ್ಕ," ಎಂದ.

ಹೇಳಬೇಡ ಎಂಬ ಮಾತಿನಿಂದ ಒಂದು ಮನೆಯಲ್ಲಿ ಏನೇನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆ ಸಂಜೆ ಅವನ ಮನೆಗೆ ಹೋಗಿ, ಕಾಫಿ ಲೋಟ ಕೆಳಗಿಡುವ ಮೊದಲೇ ಅವಳಿಗೆ ಎಲ್ಲವನ್ನೂ ಹೇಳಿದೆ. ನೆನಪಿನಿಂದ ಬರೆದಾಗ ನಿನ್ನ ದೊಡ್ಡಮ್ಮನನ್ನು ಮರೆತಿದ್ದೆ, ಯಂತ್ರಕ್ಕೆ ಜೀವ ಬಾರದಿದ್ದರೆ ಹಾಗೆಯೇ ಅಚ್ಚಾಗುತ್ತಿತ್ತು ಎಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಕ್ಕಳು. "ಈಗ ಬಂದೈತಲ್ಲ ಬಿಡ್ರಿ ಅತ್ತಿಗೆ. ನಾನೇ ತಾನೆ ಅದನ್ನ ಸಾಯಿಸಿದಾಕಿ."

ಮಾರನೆಯ ದಿನ, ಶನಿವಾರ, ಕಾರ್ಡುಗಳು ತಮ್ಮನ ಮನೆಗೆ ಬಂದವು. ಅರಿಶಿನ ಸವರಿದ ಕಟ್ಟನ್ನು ದೇವರ ಮುಂದಿಟ್ಟು ಬಿಚ್ಚಿ, ಮೊದಲನೆಯದನ್ನು ಅವಳ ಕೈಗೆ ಕೊಟ್ಟೆವು. ಅವಳು ಮಗಳ ಹೆಸರು ಓದಲಿಲ್ಲ, ಮುಹೂರ್ತ ನೋಡಲಿಲ್ಲ. ನೇರವಾಗಿ ಕೊನೆಯ ಪುಟಕ್ಕೆ ತಿರುಗಿಸಿ, ಬೆರಳಿಟ್ಟು, ಹದಿನೆಂಟನೆಯ ಹೆಸರನ್ನು ಹುಡುಕಿ, ಇದೆಯೇ ಎಂದು ನೋಡಿಕೊಂಡಳು. ನಾನು ನೋಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಲಿಲ್ಲ. ಅವಳು ಹಾಗೆ ನೋಡಿಕೊಂಡದ್ದು ಸರಿಯಾಗಿಯೇ ಇತ್ತು.